ಟವೆಲ್ ಕೆಳಗಿನ ವ್ಯಾಪಾರ

ಉಸಿರಿನ ನಳಿಗೆಯೊಳಗೆ ಕೂರಿಸುವ ಒಂದು ಪುಟ್ಟ ಜಾಳಿಗೆ ಕೊಳವೆಗೆ ಕಾಕಾನ ಮಗಳೂ ನಾನೂ ಸೇರಿ ಕೊಟ್ಟದ್ದು ಒಂದು ಜೋಡಿ ಒಳ್ಳೆಯ ಎತ್ತಿನ ಬೆಲೆ. ಏಕೆ? ರೋಗ ವಾಸಿಯಾಗಲೆಂದಲ್ಲ, ಕಾಕಾ ಮೈಚಾಚಿ ಮಲಗಲೆಂದು. ಮೊನ್ನೆ ಟ್ರಂಕಿನಲ್ಲಿ ಅವರ ಟವೆಲ್ ಸಿಕ್ಕಿತು. ಬೀಡಿಯ ವಾಸನೆ, ದನದ ಮೈಯ ವಾಸನೆ ಇನ್ನೂ ಹೋಗಿರಲಿಲ್ಲ...

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಗಜೇಂದ್ರಗಡದ ದನದ ಸಂತೆಯಲ್ಲಿ ದಲಾಲರು. ರೋಣದಿಂದ ಬರಿಗೈಯಲ್ಲಿ ಹೋದ ನನಗೆ ದಂಧೆ ಕಲಿಸಿದವರು. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ತಿಳಿಸಬೇಕು. ಸುತ್ತ ನಿಂತವರಿಗೆ ಗೊತ್ತಾಗಬಾರದು. ಅವರ ಇನ್ನೊಂದು ಪಾಠ: “ಎತ್ತಿನ ಐಬು ತಾನಾಗಿ ಹೇಳಾವನ್ನ ನಂಬಬ್ಯಾಡ. ಅದಕ್ಕಿಂತ ದೊಡ್ಡ ಐಬು ಮುಚ್ಚಿರ್ತಾನ.”

ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ಬೆಳೆದು ಅವರ ನಳಿಗೆಯನ್ನೇ ಒತ್ತಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತರೆ ಸೀಟಿ ಹೊಡೆಯುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಮಗಳನ್ನೂ ನನ್ನನ್ನೂ ಹೊರಗೆ ಕರೆದರು. “ಈ ಕೊಳವಿಯಿಂದ ಕ್ಯಾನ್ಸರ್ ಹೋಗೂದಿಲ್ರಿ. ದಾರಿ ತೆರೀತದ, ಉಸರಾಟ ಹಗುರಾಗ್ತದ. ಮುಂದ ಮತ್ತ ಕಟ್ಟಿದ್ರೂ ಕಟ್ಟಬಹುದು.”

ಐಬು ತಾವಾಗಿಯೇ ಹೇಳಿದರಲ್ಲ! ನನ್ನ ಕಿವಿ ನಿಮಿರಿತು. ಈ ಕೊಳವೆಯಲ್ಲಿ ಇವರಿಗೆಷ್ಟು ದಲಾಲಿ? “ಸಾಹೇಬ್ರ, ಇನ್ನೇನು ಮುಚ್ಚಿಟ್ಟೀರಿ?” ಎಂದು ಕೇಳಿಯೇಬಿಟ್ಟೆ.

“ಎಷ್ಟು ದಿನ ಉಳದದ ಅನ್ನೂದು. ಅದನ್ನ ಅವರಿಗೆ ಹೇಳಬ್ಯಾಡ್ರಿ ಅಂತ ಈ ಅಕ್ಕಾರ ಅಂದಾರಲ್ರಿ.” ಮಗಳು ತಲೆ ತಗ್ಗಿಸಿದಳು.

ಮೂವರೂ ಒಳಗೆ ಹೋದರೆ ಕಾಕಾ ನಮ್ಮ ಮುಖಗಳನ್ನೇ ಅಳೆಯುತ್ತಿದ್ದರು. “ಹೊರಗ ನಿಂತು... ನನ್ನ ಮಾರಾಕತ್ತೀರೇನ?” ಏದುಸಿರು. ಹೆಗಲ ಮೇಲಿನ ಟವೆಲ್ ಎಳೆದು ಡಾಕ್ಟರ ಕೈಮೇಲೆ ಹಾಕಿ ತಮ್ಮ ಕೈ ಒಳಗಿಟ್ಟರು. ಡಾಕ್ಟರು ನನ್ನತ್ತ ನೋಡಿದರು.

“ಒಂದು ಬೆರಳಿಗೆ ಒಂದು ತಿಂಗಳು ಅಂತ ಹಿಡೀರಿ. ಇದರೊಳಗ ಸುಳ್ಳು ನಡಿಯೂದಿಲ್ರಿ,” ಎಂದೆ. ಮಗಳು ಗೋಡೆಯತ್ತ ತಿರುಗಿದಳು.

ಟವೆಲ್ ಒಮ್ಮೆ ಅಲುಗಿತು. ಕಾಕಾ ಕೈಬಿಡಲಿಲ್ಲ, ಮತ್ತೆ ಅಲುಗಿತು. ಅಲ್ಲೂ ಚೌಕಾಸಿ! ಡಾಕ್ಟರು ಆಗದು ಎಂಬಂತೆ ತಲೆಯಾಡಿಸಿದರು. ಕಾಕಾ ಮಗಳತ್ತ ತುಸು ಹೊತ್ತು ನೋಡಿ, “ಹಾಕ್ರಿ ಕೊಳವಿ,” ಎಂದರು.

ಅದಾದ ಮೇಲೆ ಮೈಚಾಚಿ ಮಲಗಿದರು. ಮಗಳೊಂದಿಗೆ ಮನಸ್ಸು ತುಂಬುವಷ್ಟು ಮಾತಾಡಿದರು. ನನ್ನನ್ನು ಬೈಯುವಷ್ಟು ಉಸಿರೂ ಬಂತು: “ಲೇ ಹುಚ್ಚಪ್ಪ, ಕೊಳವಿ ಭಾಳ ತುಟ್ಟಿ ತಗೊಂಡಿ. ಇಷ್ಟು ವರ್ಷ ನನ್ನ ಕಡೆ ಏನು ಕಲತಿ?” ಆ ಸುಗ್ಗಿಯ ಜೋಳದ ರಾಶಿ ಮುಗಿಯುವ ಮೊದಲೇ ತೀರಿಹೋದರು...

ಎಷ್ಟು ಬೆರಳೆಂದು ಡಾಕ್ಟರನ್ನು ಆಮೇಲೆ ಕೇಳಿದೆ. “ಟವೆಲ್ ಒಳಗಿನದು ಹೊರಗ ಹೇಳಬಾರದಂತಲ್ರಿ,” ಎಂದು ನಕ್ಕರು. ಒಂದು ಬೆರಳು ಹೆಚ್ಚಿಗೆ ಹಿಡಿದು ಮುದುಕನನ್ನು ಸಮಾಧಾನ ಮಾಡಿದರೇನೋ ಎಂಬ ಅನುಮಾನ ನನಗೆ ಇಂದಿಗೂ ಹೋಗಿಲ್ಲ. ಕೇಳೋಣವೆಂದರೆ ಕಾಕಾ ಇಲ್ಲ. ಮೊನ್ನೆ ಸಿಕ್ಕ ಟವೆಲನ್ನು ಒಗೆಯದೆ ಹಾಗೆಯೇ ಮಡಚಿಟ್ಟೆ.

ನಿಮ್ಮ ಮನೆಗೂ ಇಂಥ ಹೊತ್ತು ಬಂದರೆ ಡಾಕ್ಟರನ್ನು ನೇರವಾಗಿ ಕೇಳಿ: ಇದು ರೋಗ ಕಳೆಯಲಿಕ್ಕೋ, ಉಸಿರು ಹಗುರಾಗಲಿಕ್ಕೋ? ಮತ್ತೆ ಕಟ್ಟಿದರೆ ಮುಂದೇನು? ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರಿಗೂ ತೋರಿಸಿ, ಆದರೆ ಉಸಿರು ಕಟ್ಟುತ್ತಿರುವಾಗ ತಡಮಾಡಬೇಡಿ. ಉಸಿರು ಹಗುರಾಗುವುದು ಸಣ್ಣ ಮಾಲಲ್ಲ. ಮತ್ತೆ, ಹಾಸಿಗೆಯಲ್ಲಿ ಇರುವವರನ್ನು ಬಿಟ್ಟು ಬಾಗಿಲ ಹೊರಗೆ ವ್ಯಾಪಾರ ಮುಗಿಸಬೇಡಿ. ಎಷ್ಟು ತಿಳಿಯಬೇಕೆಂದು ಮೊದಲು ಅವರ ಕೈ ಹಿಡಿದು ಕೇಳಿ.