ಆಡದ ಪಂದ್ಯದ ಫಲಿತಾಂಶ

ಶನಿವಾರ ಬೆಳಗಿನ ಕಾಫಿಯ ಜೊತೆಗೇ ಇಂಗ್ಲೆಂಡಿನ ಫುಟ್‌ಬಾಲನ್ನೂ ಸವಿಯುವ ಸೌಭಾಗ್ಯ ಸ್ಯಾನ್ ಹೊಸೆಯ ಎವರ್‌ಗ್ರೀನ್ ಗುಡ್ಡದ ನಮ್ಮಂಥವರದು. ಆದರೆ ಹೋದ ವಾರ ಕಾಫಿ ಬಂತು, ಪಂದ್ಯ ಬರಲಿಲ್ಲ. ಅಲ್ಲಿ ಮೈದಾನ ಹೆಪ್ಪುಗಟ್ಟಿದೆ, ಆಟವನ್ನು ಮುಂದೂಡಲಾಗಿದೆ ಎಂದು ಫೋನು ಒಂದೇ ಸಾಲಿನಲ್ಲಿ ತಿಳಿಸಿ ಸುಮ್ಮನಾಯಿತು.

ನನ್ನೊಳಗಿನ ನಿವೃತ್ತ ಉಪಸಂಪಾದಕ ಎದ್ದು ಕೂತ. ಎಂಬತ್ತರ ದಶಕದ ಒಂದು ಚಳಿಗಾಲವಿಡೀ ಬೆಂಗಳೂರಿನ ಪತ್ರಿಕಾಲಯವೊಂದರಲ್ಲಿ ಇಂಗ್ಲಿಷ್ ಲೀಗಿನ ಫಲಿತಾಂಶಗಳನ್ನು ಟೆಲಿಪ್ರಿಂಟರಿನಿಂದ ಹರಿದು ಕನ್ನಡಕ್ಕೆ ಇಳಿಸುವುದು ನನ್ನ ಕಾಯಕವಾಗಿತ್ತು. ಒಂದು ಪಂದ್ಯವನ್ನೂ ಕಣ್ಣಾರೆ ಕಂಡಿರದಿದ್ದರೂ ಕಚೇರಿಯಲ್ಲಿ ನಾನೇ ಫುಟ್‌ಬಾಲ್ ತಜ್ಞ. ಆ ಋತುವಿನಲ್ಲಿ ಹಿಮ ಬಿದ್ದು ಸಾಲು ಸಾಲು ಪಂದ್ಯಗಳು ನಿಂತವು. ಆಟ ನಿಂತರೂ ಬಾಜಿ ನಿಲ್ಲಬಾರದಲ್ಲ! ಬಾಜಿ ಕಂಪನಿಗಳಿಗಾಗಿ ಹಳೆಯ ಆಟಗಾರರ ಮಂಡಳಿಯೊಂದು ಬೆಚ್ಚನೆಯ ಕೋಣೆಯಲ್ಲಿ ಕೂತು, ನಡೆಯದ ಆಟದಲ್ಲಿ ಯಾರು ಗೆದ್ದರು, ಯಾರು ಸೋತರು ಎಂದು ಗಂಭೀರವಾಗಿ ತೀರ್ಪು ಕೊಡುತ್ತಿತ್ತು. ನಾನದನ್ನು ನಗುತ್ತಲೇ ಅಚ್ಚಿಗೆ ಕಳಿಸುತ್ತಿದ್ದೆ.

ಹೋದ ಶನಿವಾರ ಮಾತ್ರ ಆ ನೆನಪಿಗೆ ನಗು ಬರಲಿಲ್ಲ. ಪಕ್ಕದಲ್ಲಿದ್ದವರು, ಪ್ರತಿ ವಾರ ಪಂದ್ಯ ನೋಡಲು ಬರುವ ನೆರೆಮನೆಯ ಗುರುನಾಥ. ಹುಬ್ಬಳ್ಳಿಯವರು, ಐವತ್ತೈದು ದಾಟಿದ ಎಂಜಿನಿಯರು. ಸೋಮವಾರ ಕಂಪನಿಯ ದೊಡ್ಡವರ ಮುಂದೆ ಅವರು ತಮ್ಮ ತಂಡದ ಕೆಲಸವನ್ನು ಮಂಡಿಸಬೇಕಿತ್ತು. ತಂಡ ಉಳಿಯುವುದೋ ಇಲ್ಲವೋ ಅಂದೇ ನಿರ್ಧಾರವಾಗಬೇಕಿತ್ತು. ಅದರ ತಯಾರಿಗೆ ಭಾನುವಾರಗಳನ್ನೆಲ್ಲ ಧಾರೆ ಎರೆದಿದ್ದರು. ಶುಕ್ರವಾರವೇ ಇಮೇಲ್ ಬಂತು: ಮೀಟಿಂಗು ರದ್ದು, ತಂಡವೂ ರದ್ದು, ಲ್ಯಾಪ್‌ಟಾಪನ್ನು ಮರಳಿಸತಕ್ಕದ್ದು.

ಸಮಾಧಾನ ಹೇಳುವ ಕಲೆಯನ್ನು ಪತ್ರಿಕಾಲಯದಲ್ಲಿ ಕಲಿಸುವುದಿಲ್ಲ. ನಾನು ಆ ಮಂಡಳಿಯ ಕತೆ ಹೇಳಿದೆ.

"ಭಾಳ ಶಾಣ್ಯಾ ಮಂದಿ ಬಿಡ್ರಿ," ಎಂದರು ಗುರುನಾಥ. "ನಮ್ಮ ಕಂಪ್ನ್ಯಾಗೂ ಅಂಥವ್ರೇ ಕುಂತಾರ. ಬೂಟ್ ಹಾಕ್ಕೊಳ್ಳಾಕ ಸೈತ ಬಿಡ್ಲಿಲ್ಲ ನನಗ."

"ಅದು ಬಾಜಿಗಷ್ಟೇ ಕಣ್ರೀ. ಹಿಮ ಕರಗಿದ್ಮೇಲೆ ಲೀಗಿನವ್ರು ಅದೇ ಪಂದ್ಯಾನ ನಿಜವಾಗಿ ಆಡಿಸ್ತಿದ್ರು. ಮಂಡಳಿ ಸೋಲಿಸಿದ್ದ ಟೀಮೇ ಗೆದ್ದದ್ದೂ ಉಂಟು."

ಮಾತು ಮುಗಿಯುವ ಮೊದಲೇ, ನಾನು ಹೇಳುತ್ತಿರುವುದು ಸಮಾಧಾನವಲ್ಲ, ಗಾಯದ ಮೇಲಿನ ಬರೆ ಎಂದು ಹೊಳೆಯಿತು. ಆದರೆ ಪತ್ರಿಕೆಯಂತೆ ಮರುದಿನ ತಿದ್ದುಪಡಿ ಪ್ರಕಟಿಸುವ ಸೌಲಭ್ಯ ಬಾಯಿಗಿಲ್ಲ.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಸದ್ದು ಮಾಡಿತು. ಗುರುನಾಥ ಎತ್ತಿಕೊಂಡು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಮುಂದೂಡಲಾಗಿದೆ ಎಂಬ ಅದೇ ಸಾಲು, ಈಗ ಸ್ವಲ್ಪ ಉದ್ದವಾಗಿತ್ತು.

"ನೋಡ್ರಿ ಸರ್ರ," ಎಂದು ಫೋನನ್ನು ನನ್ನತ್ತ ಸರಿಸಿದರು. "ಮ್ಯಾಚಿಗೆ ಬ್ಯಾರೆ ತಾರೀಖು ಕೊಟ್ಟಾರ."