ಹನುಮಂತಮ್ಮನ ಕಣ್ಣಿಗೇನೂ ಆಗಿಲ್ಲ

ಮಾನ್ವಿ ಬಸ್ ನಿಲ್ದಾಣದ ಹಿಂದೆ ನನ್ನದು ಬಳೆ ಅಂಗಡಿ, ಪಕ್ಕದ್ದು ಹನುಮಂತಮ್ಮನ ಡಿಟಿಪಿ ಸೆಂಟರ್. ಲಗ್ನಪತ್ರಿಕೆ ಟೈಪ್ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಈ ಊರಲ್ಲಿಲ್ಲ. ಇದ್ದರೆ ಬಂದು ನನ್ನ ಹತ್ತಿರ ಮಾತಾಡಲಿ. ಅಂಥವಳು ‘ವಧು’ ಎಂದಿರಬೇಕಾದಲ್ಲಿ ‘ವದು’ ಎಂದು ಹೊಡೆದಳು. ಧ, ದ ಎರಡೂ ಒಂದೇ ತರಹ ಕಾಣುತ್ತವಂತೆ. ಮೌಸ್ ಸರಿಸಿದರೆ ಬಾಣದ ಗುರುತು ತಡವಾಗಿ ಬರುತ್ತದಂತೆ.

“ಕೈ ಮೊದಲು ಹೋಗ್ತದ, ಕಣ್ಣು ಆಮ್ಯಾಲೆ ಬರ್ತದ ಮುನವ್ವರಕ್ಕಾ,” ಎಂದಳು. ಮುಖ ಬಿಳಿಚಿತ್ತು. ಅವಳ ತಾಯಿ ಮಾರೆಮ್ಮ ಇದೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡವಳು. ಡಾಕ್ಟರ ಹತ್ತಿರ ಹೋಗು ಎಂದರೆ ದಿನಕ್ಕೊಂದು ನೆವ. ನನಗೆ ಸಿಟ್ಟು ನೆತ್ತಿಗೇರಿತು. ಎರಡೂ ಅಂಗಡಿಯ ಶಟರ್ ಎಳೆದು ಅವಳನ್ನು ರಾಯಚೂರಿನ ಬಸ್ಸಿಗೆ ಹತ್ತಿಸಿದೆ.

ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ದೀಪ ಹಿಡಿದು ನೋಡಿ, “ಕಣ್ಣು ಛಲೋ ಅದಾವ್ರಿ, ಏನೂ ತೊಂದರಿ ಇಲ್ಲ,” ಎಂದರು. ಇವಳು ನಂಬಬೇಕಲ್ಲ! ಬಸ್ಸಿನಲ್ಲಿ ಊರು ಬರುವ ತನಕ ಅದೇ ರಾಗ.

ಮರುದಿನ ನಾನೇ ಹೋಗಿ ಅವಳ ಕುರ್ಚಿಯಲ್ಲಿ ಕೂತೆ. ಯಾ ಅಲ್ಲಾ! ನನಗೂ ಅಕ್ಷರ ಮಸುಕು, ನನಗೂ ಬಾಣ ತಡ. ಆ ಮಾನಿಟರ್ ಬಂದು ತಿಂಗಳಾಗಿತ್ತು. ಕೊಟ್ಟವನು ರಾಯಚೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಅಕ್ಕನ ಮಗ ಅಲ್ತಾಫ್. ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಝಾಡಿಸಿದೆ.

“ಬೈಬ್ಯಾಡ್ರಿ ಖಾಲಾ. ಆ ಕಂಪ್ಯೂಟರ್ ನಡೆಸೋ ಲಿನಕ್ಸು ಅನ್ನೋ ಸಾಫ್ಟ್‌ವೇರ್ ಹೊಸಾ ಮಾನಿಟರ್ ಗುರುತು ಹಿಡಿದಿಲ್ಲ ಕಾಣ್ತದ. ಸೆಟ್ಟಿಂಗ್ಸ್‌ನಾಗ ಡಿಸ್‌ಪ್ಲೇ ತೆಗಿರಿ. ರೆಸಲ್ಯೂಷನ್ ಎಷ್ಟದ?”

“ಸಾವಿರದ ಇಪ್ಪತ್ನಾಲ್ಕು,” ಎಂದಳು ಹನುಮಂತಮ್ಮ.

“ಸಣ್ಣದನ್ನ ಹಿಗ್ಗಿಸಿ ತೋರ್ಸಾಕತ್ತದ, ಅದಕ್ಕ ಮಸುಕು. ಹತ್ತೊಂಬತ್ತುನೂರ ಇಪ್ಪತ್ತು ಇರೋದು ಆರಿಸ್ರಿ. ಕೆಳಗ ರಿಫ್ರೆಶ್ ರೇಟ್ ಮೂವತ್ತಿದ್ರ ಅರವತ್ತು ಮಾಡ್ರಿ, ಬಾಣ ಓಡ್ತದ.”

ಒತ್ತಿದಳು. ಪರದೆ ಪೂರ್ತಿ ಕಪ್ಪಾಯಿತು. “ಹೋತು!” ಎಂದು ಚೀರಿ ನನ್ನ ತೋಳು ಹಿಡಿದಳು. ಅಷ್ಟರಲ್ಲಿ ಬೆಳಕು ಬಂತು. ಹೀಗೇ ಇರಲೇ ಎಂದು ಕೇಳುವ ಸಣ್ಣ ಚೌಕ ಎದುರಿಗೆ.

“ಲಗೂನ ಹೂಂ ಅನ್ರಿ, ಇಲ್ಲಾಂದ್ರ ಮೊದಲಿನಂಗ ಆಗ್ತದ!” ಅಲ್ತಾಫ್ ಕೂಗಿದ.

ಒತ್ತಿದಳು. ಅಕ್ಷರಗಳು ಗೆರೆ ಕೊರೆದಂತೆ ಸ್ಪಷ್ಟವಾಗಿ ಕಂಡವು. ಬಾಣ ಕೈಯ ಜೊತೆಗೇ ಓಡಿತು. ನನ್ನ ಎದೆಯ ಮೇಲಿನ ಭಾರ ಇಳಿಯಿತು, ಸುಳ್ಳೇಕೆ ಹೇಳಲಿ. ಇವಳು ನೋಡಿದರೆ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಾಳೆ!

“ಈಗ್ಯಾಕ ಅಳ್ತಿ ಬೇ? ಕಣ್ಣು ಛಲೋ ಅದಾವಲ್ಲ!”

“ನಗಬ್ಯಾಡಕ್ಕಾ,” ಎಂದಳು. “ನಾಳೆ ಕಣ್ಣು ಹೋದ್ರ ಹ್ಯಾಂಗ ಅಂತ, ತಿಂಗಳಿಂದ ಕಣ್ಣು ಮುಚ್ಚಿಕೊಂಡು ರೊಟ್ಟಿ ಮಾಡಾಕ ಕಲಿಯಾಕತ್ತಿದ್ದೆ.”

ನಾನು ನಗಲಿಲ್ಲ. ಹೆಂಚಿಗೆ ತಾಗಿ ಸುಟ್ಟಿದ್ದ ಅವಳ ಬೆರಳುಗಳನ್ನು ಹಿಡಿದು, “ಇವತ್ತಿನ ರೊಟ್ಟಿ ಕಣ್ಣು ಬಿಟ್ಟು ಬಡಿ, ಹುಚ್ಚಿ,” ಎಂದೆ.