ಏಳನೇ ಕ್ಲಾಸಿಗೆ ಇಳಿಯದ ಬಿ.ಎ.

ಬಿ.ಎ. ಓದಿದವನು ಬುಲ್ಡೋಜರ್ ಆಪರೇಟರ್ ಆಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದವರು ನಮ್ಮ ದೊಡ್ಡಪ್ಪ. ಬೇಗೂರಿನ ಆಚೆಗಿದ್ದ ನಮ್ಮ ಹಳ್ಳಿಯಲ್ಲಿ ಯಾವ ವಿಷಯಕ್ಕೂ ತಮ್ಮದೇ ಕೊನೆಯ ಮಾತು ಎಂದು ಅವರು ನಂಬಿದ್ದರು. ನಾನು ಬಿ.ಎ. ಪಾಸು ಮಾಡುವುದೂ ಆಗದ ಮಾತು ಎಂದು ಹಿಂದೊಮ್ಮೆ ಹೇಳಿದ್ದರು. ಅದು ಸುಳ್ಳಾಗಿತ್ತು. ಆದರೆ ಒಂದು ಮಾತು ಸುಳ್ಳಾಯಿತೆಂದು ಇನ್ನೊಂದನ್ನು ಹೇಳದೆ ಬಿಡುವ ಆಸಾಮಿ ಅವರಲ್ಲ.

"ಓದಿದ್ಯಲ್ಲಪ್ಪ, ನೆಟ್ಟಗೆ ಕುರ್ಚಿ ಮೇಲೆ ಕೂತ್ಕೊ. ಆ ಗಾಡಿಗೆ ನೋಡಿದ್ರೆ ಸ್ಟೇರಿಂಗೂ ಇಲ್ಲ. ಸ್ಟೇರಿಂಗ್ ಇಲ್ದಿರೋ ಗಾಡಿ ಓಡ್ಸಕ್ಕೆ ಬಿ.ಎ. ಬೇರೆ ಓದ್ಬೇಕಾಗಿತ್ತಾ?" ಎಂದು ಅರಳಿಕಟ್ಟೆಯ ಮೇಲೆ ಕೂತು ಕೇಳಿದ್ದರು. ಕಟ್ಟೆಯಲ್ಲಿದ್ದವರೆಲ್ಲ ನಕ್ಕಿದ್ದರು. ನಕ್ಕವರಲ್ಲಿ ಒಬ್ಬರೂ ಹೈಸ್ಕೂಲು ಮುಗಿಸಿದವರಲ್ಲ.

ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ ನಾನು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಅಮ್ಮ ಎಮ್ಮೆ ಕಟ್ಟಿ, ಹೊಸೂರು ರಸ್ತೆಯ ಹೋಟೆಲುಗಳಿಗೆ ಹಾಲು ಹಾಕಿ ನನ್ನನ್ನು ಓದಿಸಿದಳು. ಇತಿಹಾಸ ತೆಗೆದುಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಅದರ ಪುಸ್ತಕಗಳು ಹಳೆಯವೇ ಸಿಗುತ್ತಿದ್ದವು, ಅಗ್ಗವಾಗಿಯೂ ಸಿಗುತ್ತಿದ್ದವು. ರಾಜರು ಸತ್ತ ವರ್ಷ ಹೊಸ ಮುದ್ರಣದಲ್ಲಿ ಬದಲಾಗುವುದಿಲ್ಲವಲ್ಲ. ಡಿಗ್ರಿ ಬಂದಾಗ ಅಮ್ಮ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದಳು. ಶನಿವಾರದ ಊದುಬತ್ತಿಯಲ್ಲಿ ಅದಕ್ಕೂ ಒಂದು ಪಾಲು ಸಲ್ಲುತ್ತಿತ್ತು. ವರ ಕೊಡುವುದರಲ್ಲಿ ಮಾತ್ರ ಅದು ಮಿಕ್ಕ ದೇವರುಗಳಿಗಿಂತ ನಿಧಾನ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿದೆ. ಅಲ್ಲಿನ ಗುಮಾಸ್ತರು ತಲೆಯನ್ನೂ ಎತ್ತದೆ, "ಕರೆ ಬರತ್ತೆ, ಹೋಗಿ" ಎಂದರು. ಹೋದೆ. ಕರೆ ಇವತ್ತಿಗೂ ಬಂದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಸುತ್ತಿನ ಹೊಲಗಳನ್ನೆಲ್ಲ ಕೈಗಾರಿಕೆಗೆಂದು ತೆಗೆದುಕೊಂಡಿದ್ದರು. ರಾಗಿ ಬೆಳೆಯುತ್ತಿದ್ದ ಏರುತಗ್ಗಿನ ನೆಲವನ್ನು ಸಮ ಮಾಡುವ ಕೆಲಸ ಒಬ್ಬ ಕಂಟ್ರಾಕ್ಟರನಿಗೆ ಸಿಕ್ಕಿತ್ತು. ಅವನ ಸೈಟಿನಲ್ಲಿ ನನಗೆ ಟೈಮ್ ಕ್ಲರ್ಕ್ ಕೆಲಸ ಸಿಕ್ಕಿತು. ಯಾವ ಯಂತ್ರ ಎಷ್ಟು ಹೊತ್ತು ಓಡಿತು ಎಂದು ಬರೆದಿಡುವುದು, ಶನಿವಾರ ಎಲ್ಲರಿಗೂ ಸಂಬಳದ ಕವರು ಹಂಚುವುದು. ತಗಡಿನ ಶೆಡ್ಡು, ಕಾಲು ಕುಂಟುವ ಮೇಜು, ಒಂದು ಕುರ್ಚಿ. ಕುರ್ಚಿ ಇತ್ತಾದ್ದರಿಂದ ದೊಡ್ಡಪ್ಪ ಸಮಾಧಾನವಾಗಿದ್ದರು. ಸರ್ಜಾಪುರದ ಕಡೆಯಿಂದ ಹೆಣ್ಣಿನವರೂ ಬಂದು ಹೋಗತೊಡಗಿದರು.

ಆ ಕವರುಗಳನ್ನು ಹಂಚುವಾಗ ನನಗೆ ಜ್ಞಾನೋದಯವಾಯಿತು. ಡೋಜರ್ ಆಪರೇಟರಿನ ಕವರು ನನ್ನದರ ಎರಡರಷ್ಟಿರುತ್ತಿತ್ತು. ಓಟಿ ಸೇರಿದ ವಾರ ಮೂರರಷ್ಟು. ಅವನು ಕೋಲಾರದ ಗಣಿಯ ಕಡೆಯವನು, ಮನೆಮಾತು ತಮಿಳು, ಸೈಟಿನಲ್ಲಿ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕವರು ತೆಗೆದುಕೊಂಡು, ಎಣಿಸದೆ ಜೇಬಿಗಿಟ್ಟು, ನನ್ನ ಹೆಗಲ ಮೇಲೆ ಕೈ ಹಾಕುತ್ತಿದ್ದ.

"ಬಾ ಬಿ.ಎ., ಟೀ ಕುಡಿಯಾಣ. ದುಡ್ಡು ನಾನ್ ಕೊಡ್ತೀನಿ, ನಿನ್ ಸಂಬ್ಳ ನಂಗೊತ್ತು."

ಸಂಬಳ ಹಂಚಿದ ಗುಮಾಸ್ತನಿಗೆ ಸಂಬಳ ಪಡೆದವನು ಕರುಣೆಯಿಂದ ಟೀ ಕುಡಿಸುವುದು ಪ್ರತಿ ಶನಿವಾರದ ಪದ್ಧತಿಯಾಯಿತು. ಹಾಗೆ ಟೀ ಕುಡಿಯುತ್ತಲೇ ಒಂದು ದಿನ ಕೇಳಿದೆ: "ಮೇಸ್ತ್ರಿ, ನಂಗೂ ಕಲಿಸ್ತೀಯಾ?"

ಅವನು ಲೋಟ ಕೆಳಗಿಟ್ಟ. "ಬಿ.ಎ. ಓದಿದ್ರೆ ಕೈ ಮೆತ್ತಗಾಯ್ತದೆ ಅಂತಾರೆ. ಎಲ್ಲಿ, ತೋರ್ಸು." ತೋರಿಸಿದೆ. ಹುಲ್ಲು ಕೊಯ್ದು, ಹಾಲು ಕರೆದ ಕೈ. "ಸಕ್ಕತ್ತಾಗೈತೆ ಮಚ್ಚಾ. ನಾಳೆಯಿಂದ ಊಟದ್ ಟೈಮಲ್ಲಿ ಬಾ" ಎಂದ.

ಮುಂಭಾಗದಲ್ಲಿ ಮಣ್ಣು ತಳ್ಳುವ ಬ್ಲೇಡು ಹೊತ್ತ ಡೋಜರನ್ನು ತಿರುಗಿಸುವುದು ಎರಡು ಲಿವರುಗಳಿಂದ. ಎಡದ್ದನ್ನು ಎಳೆದರೆ ಎಡಗಡೆಯ ಚೈನಿಗೆ ಶಕ್ತಿ ತಪ್ಪಿ ಗಾಡಿ ಆ ಕಡೆ ತಿರುಗುತ್ತದೆ. ಮೊದಲ ದಿನ ಯಾವುದನ್ನು ಎಳೆದೆನೋ, ಗಾಡಿ ನೇರವಾಗಿ ಎಂಜಿನಿಯರ್ ಸಾಹೇಬರು ಸ್ಕೂಟರ್ ನಿಲ್ಲಿಸುತ್ತಿದ್ದ ಚಪ್ಪರಕ್ಕೆ ನುಗ್ಗಿತು. ಸ್ಕೂಟರ್ ಅವತ್ತು ಪೇಟೆಗೆ ಹೋಗಿತ್ತು, ಅದರ ಪುಣ್ಯ. ಮೇಸ್ತ್ರಿ ಚಪ್ಪರದ ಗಳುಗಳನ್ನು ಪಕ್ಕಕ್ಕೆಳೆದು, "ಪರ್ವಾಗಿಲ್ಲ, ಬ್ಲೇಡು ಕೆಲ್ಸ ಮಾಡ್ತಾ ಐತೆ ಅಂತ ಗೊತ್ತಾಯ್ತು. ಈಗ ನೀನು ಕಲಿ" ಎಂದ. ಕಲಿತೆ. ಮುಂದಿನ ಬೇಸಿಗೆಯ ಹೊತ್ತಿಗೆ ಎರಡನೇ ಡೋಜರು ಬಂದಾಗ ಕಂಟ್ರಾಕ್ಟರು ನನ್ನನ್ನೇ ಅದರ ಮೇಲೆ ಕೂರಿಸಿದ. ಆದರೆ ದಿನಗೂಲಿಯ ಲೆಕ್ಕದಲ್ಲಿ. ಮಳೆ ಬಂದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ಆದರೂ ಗುಮಾಸ್ತಿಕೆಗಿಂತ ಕೈಗೆ ಜಾಸ್ತಿ ಬರುತ್ತಿತ್ತು. ಸಂಪಾದನೆ ಏರಿದ ಸುದ್ದಿ ತಿಳಿದ ಕೂಡಲೇ ಸರ್ಜಾಪುರದ ಹೆಣ್ಣಿನವರು ಬರುವುದನ್ನು ನಿಲ್ಲಿಸಿದರು. ಅಳಿಯನ ಅಂಗಿಗೆ ಗ್ರೀಸು ಅಂಟಿರುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಜೇಬು ಖಾಲಿಯಿದ್ದರೂ ಅಂಗಿ ಬೆಳ್ಳಗಿರಬೇಕು.

ಅಷ್ಟರಲ್ಲಿ ನಗರದ ಅಂಚಿನ ಒಂದು ಸರ್ಕಾರಿ ಕಾರ್ಖಾನೆ ಪರ್ಮನೆಂಟ್ ಆಪರೇಟರುಗಳು ಬೇಕೆಂದು ಪೇಪರಿನಲ್ಲಿ ಹಾಕಿತು. ಪರ್ಮನೆಂಟ್ ಎಂದರೆ ಆ ಕಾಲಕ್ಕೆ ಏನು ಎಂದು ಈಗಿನವರಿಗೆ ತಿಳಿಯಲಿಕ್ಕಿಲ್ಲ. ಮಳೆ ಬಂದರೂ ಸಂಬಳ, ಜ್ವರ ಬಂದರೂ ಸಂಬಳ, ಕಾರ್ಖಾನೆಯ ಬಸ್ಸು, ಕ್ಯಾಂಟೀನಿನ ಊಟ, ಪಿ.ಎಫ್., ಮನೆಯವರಿಗೆಲ್ಲ ಆಸ್ಪತ್ರೆ. ಅಮ್ಮನ ಮಂಡಿ ಆಗಲೇ ಹಾಲಿನ ಕ್ಯಾನು ಹೊರಲಾರೆನೆಂದು ತಕರಾರು ಎತ್ತಿತ್ತು. ಆ ಕೆಲಸ ಸಿಕ್ಕಿದರೆ ಅವಳು ಎಮ್ಮೆ ಮಾರಿ ಕೂರಬಹುದಿತ್ತು. ಸಿಗದಿದ್ದರೆ ನಾನು ಮೋಡ ನೋಡಿಕೊಂಡು, ಅವಳು ಹಾಲಿನ ಕ್ಯಾನು ಹಿಡಿದು ಬಸ್ಸು ಕಾದುಕೊಂಡು ಇರುವುದೇ.

ಪೇಪರನ್ನು ಕೊನೆಯವರೆಗೆ ಓದಿದೆ. ವಿದ್ಯಾರ್ಹತೆ: ಏಳನೇ ತರಗತಿ ಪಾಸು. ಅದರ ಕೆಳಗೆ ಇನ್ನೊಂದು ಸಾಲು: ಎಸ್ಸೆಸ್ಸೆಲ್ಸಿಗಿಂತ ಹೆಚ್ಚು ಓದಿದವರು ಅರ್ಜಿ ಹಾಕತಕ್ಕದ್ದಲ್ಲ. ಓದಿದವರು ಬೇರೆ ಕೆಲಸ ಸಿಕ್ಕ ಕೂಡಲೇ ಬಿಟ್ಟು ಓಡುತ್ತಾರಂತೆ. ಯಾವ ಕೆಲಸ, ಎಲ್ಲಿ ಸಿಗುತ್ತದೆ ಎಂದು ಆ ಸಾಲು ಬರೆದವರು ತಿಳಿಸಿದ್ದರೆ ನಾನು ಅಲ್ಲಿಗೇ ಹೋಗುತ್ತಿದ್ದೆ.

ಪರ್ಮನೆಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ದೊಡ್ಡಪ್ಪನ ದನಿ ಬದಲಾಯಿತು. ಸಂಜೆಯೇ ನಮ್ಮ ಮನೆಗೆ ಬಂದರು.

"ನೋಡು, ಬಿ.ಎ. ಇಟ್ಕೊಂಡು ಇದಾಗಲ್ಲ ಅಂತ ಮೊದ್ಲಿಂದ ಬಡ್ಕೊಂಡೆ. ಈಗ್ಲಾದ್ರೂ ಕೇಳು. ಅದನ್ನ ಮುಚ್ಚಿಡು."

"ಸುಳ್ಳು ಹೇಳು ಅಂತೀರಾ ದೊಡ್ಡಪ್ಪ?"

"ಸುಳ್ಳು ಯಾಕೆ? ಏಳ್ನೇ ಕ್ಲಾಸು ಪಾಸಾಗಿಲ್ವಾ ನೀನು? ಅಷ್ಟು ಹೇಳು. ಮಿಕ್ಕಿದ್ದು ನುಂಗ್ಕೊ."

ಒಳಗಿನಿಂದ ಅಮ್ಮ ಬಂದಳು. ಭಾವನ ಎದುರು ಅವಳು ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಮಾತಾಡುವುದು ರೂಢಿ. ಅವತ್ತು ಸೆರಗು ಸರಿಪಡಿಸಿಕೊಂಡಳು, ಮೆಲ್ಲಗೆ ಮಾತಾಡಲಿಲ್ಲ.

"ಅದೇನ್ ಕದ್ದು ತಂದಿದ್ದಾ ಭಾವ, ಮುಚ್ಚಿಡಕ್ಕೆ? ಗೋಡೆ ಮೇಲಿಂದ ಅದನ್ನ ಇಳ್ಸಿದ್ರೆ ನಾನ್ ಹಾಕಿದ್ ಹಾಲನ್ನೂ ವಾಪಸ್ ತಂದ್ಕೊಡಿ."

ದೊಡ್ಡಪ್ಪ ಚಪ್ಪಲಿ ಹುಡುಕಿಕೊಂಡರು. ನಾನು ಇಬ್ಬರ ನಡುವೆ ಸಿಕ್ಕಿಬಿದ್ದೆ. ಕೆಲಸವೂ ಬೇಕು, ಬಿ.ಎ.ಯೂ ಬೇಕು. ಒಂದನ್ನು ಕೇಳಿದರೆ ಇನ್ನೊಂದು ಹೋಗುತ್ತದೆ.

ಏಳನೇ ತರಗತಿಯ ಸರ್ಟಿಫಿಕೇಟಿಗೆಂದು ನಮ್ಮ ಸ್ಕೂಲಿನ ಹೆಡ್‌ಮಾಸ್ತರ ಬಳಿ ಹೋದೆ. ಅಲ್ಲಿ ಜಾತ್ರೆಯಂಥ ಜನ. ಜೀವಮಾನದಲ್ಲಿ ಸ್ಕೂಲಿನ ಗೋಡೆಗೆ ಬೆರಣಿ ತಟ್ಟಿದ್ದು ಬಿಟ್ಟರೆ ಬೇರೆ ಸಂಬಂಧವಿಲ್ಲದವರೂ ಏಳನೇ ತರಗತಿ ಪಾಸಾಗಿ, ಕೈಯಲ್ಲಿ ಕಾಗದ ಹಿಡಿದು ಹೊರಗೆ ಬರುತ್ತಿದ್ದರು. ಮೂಲೆಯಲ್ಲಿ ಕೋಳಿಯೊಂದನ್ನು ಕಾಲು ಕಟ್ಟಿ ಇಟ್ಟಿದ್ದರು. ಯಾರ ಗುರುದಕ್ಷಿಣೆಯೋ ತಿಳಿಯದು. ಮಾಸ್ತರು ನನ್ನನ್ನು ನೋಡಿ ಕನ್ನಡಕ ತೆಗೆದರು.

"ನಿಂದೇ ಕಷ್ಟ ಕಣಪ್ಪ. ಓದದೇ ಇರೋರ್ನ ಏಳ್ನೇ ಕ್ಲಾಸಿಗೆ ಏರ್ಸಬಹುದು. ಬಿ.ಎ. ಆದೋನ್ನ ಏಳ್ನೇ ಕ್ಲಾಸಿಗೆ ಇಳ್ಸೋ ಅಧಿಕಾರ ಇಲಾಖೆ ನಂಗೆ ಕೊಟ್ಟಿಲ್ಲ."

"ಇಳ್ಸೋದು ಬೇಡ ಸಾರ್. ನಿಜವಾಗ್ಲೂ ಪಾಸಾಗಿದ್ದೀನಲ್ಲ, ಅಷ್ಟು ಬರ್ಕೊಡಿ."

"ನಿಜವಾಗ್ಲೂ ಪಾಸಾಗಿದ್ರೆ ಹಳೇ ರಿಜಿಸ್ಟರ್ ಹುಡುಕ್ಬೇಕಲ್ಲಪ್ಪ! ಅದಕ್ಕೆ ಒಂದು ವಾರ ಬೇಕು." ಓದದವರಿಗೆ ಐದು ನಿಮಿಷ ಸಾಕಾಗುತ್ತಿತ್ತು.

ವಾರ ಕಳೆದು ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಅರ್ಜಿ ಬರೆಯಲು ಕೂತೆ. ಹೆಸರಿನ ಜಾಗದಲ್ಲಿ ಹೆಸರು ಬರೆದೆ. ಕೈ ನಿಲ್ಲಲಿಲ್ಲ, ಅದರ ಮುಂದೆ 'ಬಿ.ಎ.' ಎಂದೂ ಬರೆದೆ. ವಿದ್ಯಾರ್ಹತೆಯ ಜಾಗದಲ್ಲಿ ಅವರು ಕೇಳಿದ್ದಕ್ಕೆ ಉತ್ತರವಾಗಿ ಏಳನೇ ತರಗತಿ ಎಂದೆ. ಮೇಸ್ತ್ರಿಗೆ ಹೇಳಿದಾಗ, "ನೀನು ಕೆಟ್ಟೆ ಗುರು. ಇಂಟರ್‌ವ್ಯೂಗೇ ಕರ್ಯಲ್ಲ" ಎಂದ. ಕರೆ ಬಂತು. ಅರ್ಜಿಗಳನ್ನು ಆರಿಸಿದವರು ವಿದ್ಯಾರ್ಹತೆಯ ಜಾಗವನ್ನು ಮಾತ್ರ ನೋಡಿದ್ದರು.

ಮೊದಲು ಮೈದಾನದಲ್ಲಿ ಪರೀಕ್ಷೆ. ಒಂದು ಮಣ್ಣಿನ ಗುಡ್ಡೆ, ಪಕ್ಕದಲ್ಲೊಂದು ಹಳ್ಳ. ಗುಡ್ಡೆಯನ್ನು ಹಳ್ಳಕ್ಕೆ ತಳ್ಳಿ ನೆಲವನ್ನು ಸಮ ಮಾಡಬೇಕು. ಹೆಡ್‌ಮಾಸ್ತರ ಕೃಪೆಯಿಂದ ಪಾಸಾದವರೆಲ್ಲ ಸಾಲಾಗಿ ಬಂದಿದ್ದರು. ಒಬ್ಬ ಗಾಡಿ ಹತ್ತಿ, ಸ್ಟೇರಿಂಗ್ ಎಲ್ಲಿ ಎಂದು ಕೇಳಿ ಇಳಿದು ಹೋದ. ಇನ್ನೊಬ್ಬ ಗುಡ್ಡೆಯನ್ನು ಅಲ್ಲೇ ಬಿಟ್ಟು ಡೋಜರನ್ನೇ ಹಳ್ಳಕ್ಕೆ ಇಳಿಸಿದ. ಅದನ್ನು ಎಳೆಯಲು ಬೇರೆ ಗಾಡಿ ತರಬೇಕಾಯಿತು. ನನ್ನ ಸರದಿ ಬಂದಾಗ ಸಾಹೇಬರುಗಳು ಬೇಸತ್ತು ಛತ್ರಿಯ ಕೆಳಗೆ ಕೂತಿದ್ದರು. ನಾನು ಗುಡ್ಡೆ ತಳ್ಳಿ, ಬ್ಲೇಡನ್ನು ತುಸುವೇ ಎತ್ತಿ ಹಿಂದಕ್ಕೂ ಮುಂದಕ್ಕೂ ಹೋಗಿ ನೆಲ ಸವರಿ ಇಳಿದೆ. ಒಬ್ಬರು ಛತ್ರಿಯಿಂದ ಹೊರಗೆ ಬಂದು ಅದರ ಮೇಲೆ ನಡೆದಾಡಿ ನೋಡಿದರು.

ಮಧ್ಯಾಹ್ನ ಒಳಗೆ ಕರೆದರು. ಮೂವರು ಸಾಹೇಬರು. ನಡುವಿನ ಹಿರಿಯರು ನನ್ನ ಅರ್ಜಿಯನ್ನು ಹಿಡಿದಿದ್ದರು.

"ಏನ್ರೀ ಇದು, ಹೆಸರಿನ ಮುಂದೆ ಬಿ.ಎ. ಅಂತಿದೆ?"

"ಹೌದು ಸಾರ್."

"ಯಾಕೆ?"

"ಪಾಸಾಗಿದೀನಿ ಸಾರ್."

"ಪಾಸಾಗಿದ್ದು ಸರೀರಿ. ಬರೆದಿದ್ದು ಯಾಕೆ? ಬರೀದೇ ಇದ್ದಿದ್ರೆ ನಮಗೆ ಈ ತಲೆನೋವು ಇರ್ತಿತ್ತಾ?"

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅಮ್ಮನ ಮಂಡಿ ನೆನಪಾಯಿತು. ಆದರೂ ಬಾಯಿ ಅದರಷ್ಟಕ್ಕೆ ಹೇಳಿಬಿಟ್ಟಿತು: "ನಮ್ಮಮ್ಮ ಓದಿಸಿದ್ದು ಸಾರ್. ಮುಚ್ಚಿಡಕ್ಕೆ ಮನಸ್ಸು ಬರ್ಲಿಲ್ಲ."

ಮೂವರೂ ಇಂಗ್ಲಿಷಿನಲ್ಲಿ ಗುಸುಗುಸು ಮಾತಾಡಿದರು. ಹೊಸ ಡೋಜರುಗಳು ಬಂದು ಟಾರ್ಪಾಲಿನ ಕೆಳಗೆ ನಿಂತಿವೆ, ಓಡಿಸುವವರಿಲ್ಲ, ಮೇಲಿನವರು ದಿನಾ ಫೋನು ಮಾಡುತ್ತಾರೆ ಎಂಬಷ್ಟು ನನಗೂ ಅರ್ಥವಾಯಿತು. ಎಷ್ಟಾದರೂ ಬಿ.ಎ. ಓದಿದ್ದೆ. ಆಮೇಲೆ ಎಡಗಡೆಯವರು ಕೇಳಿದರು: "ಯಾವ ಸಬ್ಜೆಕ್ಟು?"

"ಇತಿಹಾಸ ಸಾರ್."

"ಇತಿಹಾಸಕ್ಕೂ ಡೋಜರಿಗೂ ಏನಾದ್ರೂ ಸಂಬಂಧ ಇದ್ಯಾ?"

"ಏನೂ ಇಲ್ಲ ಸಾರ್."

ಅವರ ಮುಖ ಅರಳಿತು. ಹಿರಿಯರ ಕಡೆ ತಿರುಗಿ, "ನೋಡಿ ಸಾರ್, ಅವ್ರೇ ಒಪ್ಕೊಂಡ್ರು. ಸೈನ್ಸ್ ಓದಿದ್ರೆ ಕಷ್ಟವಾಗ್ತಿತ್ತು" ಎಂದರು.

ಹಿರಿಯರು ಬರೆಸಿದ ಟಿಪ್ಪಣಿಯನ್ನು ನನ್ನೆದುರಿಗೇ ಓದಿದರು: ಅಭ್ಯರ್ಥಿಯ ಬಿ.ಎ. ಪದವಿಯು ಈ ಹುದ್ದೆಗೆ ಯಾವ ರೀತಿಯಿಂದಲೂ ಸಂಬಂಧಪಟ್ಟಿರುವುದಿಲ್ಲವಾದ್ದರಿಂದ ಅದನ್ನು ವಿದ್ಯಾರ್ಹತೆಯೆಂದು ಪರಿಗಣಿಸಬೇಕಾಗಿಲ್ಲ. ಅಭ್ಯರ್ಥಿಯು ಏಳನೇ ತರಗತಿಯವರೆಗೆ ಮಾತ್ರ ಓದಿರುವರೆಂದು ತಿಳಿಯತಕ್ಕದ್ದು.

ಹೆಡ್‌ಮಾಸ್ತರರ ಕೈಲಾಗದ್ದನ್ನು ಮೂವರು ಸಾಹೇಬರು ಎರಡು ವಾಕ್ಯದಲ್ಲಿ ಮಾಡಿದ್ದರು. ಅವಮಾನವಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಆಯಿತು, ಬಾಗಿಲಿನವರೆಗೆ. ಬಾಗಿಲು ದಾಟಿದ ಮೇಲೆ ಅಮ್ಮನ ಮಂಡಿಗೆ ಆಸ್ಪತ್ರೆ, ಮಳೆಗಾಲದ ಸಂಬಳ ಎರಡೂ ನೆನಪಾಗಿ ನಡಿಗೆ ಚುರುಕಾಯಿತು.

ಕೆಲಸಕ್ಕೆ ಸೇರಿದ ಮೇಲೆ ಕಾರ್ಖಾನೆಯವರೇ ಕೆಲವು ತಿಂಗಳು ತರಬೇತಿ ಕೊಟ್ಟರು. ಅದು ಮುಗಿದ ದಿನ ಆಪರೇಟರ್ ಸರ್ಟಿಫಿಕೇಟ್ ಕೊಡುವ ಸಣ್ಣ ಸಮಾರಂಭವಿತ್ತು, ಮನೆಯವರು ಬರಬಹುದು ಎಂದರು. ಅಮ್ಮ ರೇಷ್ಮೆ ಸೀರೆಯುಟ್ಟು ಬಂದಳು. ದೊಡ್ಡಪ್ಪ ಜರಿ ಪೇಟ ಸುತ್ತಿಕೊಂಡು, ತಮ್ಮ ಕಿರಿಯ ಮಗನನ್ನೂ ಕರೆದುಕೊಂಡು ಬಂದರು. ಅದೇ ಹಿರಿಯ ಸಾಹೇಬರು ಕೈಕುಲುಕಿ ಸರ್ಟಿಫಿಕೇಟ್ ಕೊಟ್ಟರು. ನೋಡಿದೆ. ನನ್ನ ಹೆಸರು, ಅದರ ಮುಂದೆ ಸ್ಪಷ್ಟವಾಗಿ 'ಬಿ.ಎ.', ಅದರ ಕೆಳಗೆ 'ವಿದ್ಯಾರ್ಹತೆ: ಏಳನೇ ತರಗತಿ'. ಬಿ.ಎ. ವಿದ್ಯಾರ್ಹತೆಯಲ್ಲವೆಂದು ಮೇಲಿನವರೇ ತೀರ್ಮಾನಿಸಿದ ಮೇಲೆ ಅದು ಹೆಸರಿನದೇ ಒಂದು ತುಂಡು ಇರಬೇಕೆಂದು ಟೈಪಿಸ್ಟರು ತಿಳಿದಿದ್ದರು.

ಓದು ಬಾರದ ಅಮ್ಮ, "ಯಾವ್ದು ಮಗಾ, ಆ ಎರಡಕ್ಷರ?" ಎಂದಳು. ಬೆರಳಿಟ್ಟು ತೋರಿಸಿದೆ. ಅವಳು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ದೊಡ್ಡಪ್ಪ ಕಾಗದವನ್ನು ಇಸಿದುಕೊಂಡು, ಹಿಂದೆಮುಂದೆ ತಿರುಗಿಸಿ ನೋಡಿ, ಮಗನನ್ನು ನನ್ನ ಮುಂದಕ್ಕೆ ತಳ್ಳಿದರು.

"ಇವನ್ಗೂ ಇಲ್ಲೇ ಒಂದು ಹಾಕ್ಸಿಕೊಡಪ್ಪ. ಎಸ್ಸೆಸ್ಸೆಲ್ಸಿನೇ ಪಾಸಾಗಿಲ್ಲ ಇವ್ನು, ನಿನ್ನಂಗೆ ಏನೂ ತೊಂದ್ರೆ ಇರಕಿಲ್ಲ."